ನಮ್ಮ ಗೋಡೆಯ ಮೇಲಿನ ತ್ರೀ ನಾಟ್ ತ್ರೀ

ಬೇರೆ ಯಾರ ಮನೆಯಲ್ಲೂ ನಡೆಯದ ಸಂಗತಿಗಳು ನಮ್ಮ ಮನೆಯಲ್ಲೇ ಯಾಕೆ ನಡೆಯುತ್ತವೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಯೋಚಿಸಿದಾಗಲೆಲ್ಲ ಅದರ ಉತ್ತರ ನನ್ನೆದುರಿಗೇ ಸೋಫಾದ ಮೇಲೆ ಕಾಲು ಚಾಚಿಕೊಂಡು ಮೊಬೈಲು ನೋಡುತ್ತಾ ಕೂತಿರುತ್ತದೆ.

ದೋಹಾದಲ್ಲಿ ಗಂಡಸರಿಗೆ ಒಂದೊಂದು ಹುಚ್ಚು ಇರುವುದು ಸಹಜ. ಶುಕ್ರವಾರ ಬಂತೆಂದರೆ ಒಬ್ಬರು ಗಾಳ ಹಿಡಿದು ಸಮುದ್ರದ ದಂಡೆಗೆ ಹೋಗುತ್ತಾರೆ. ಇನ್ನೊಬ್ಬರು ಮರಳುಗಾಡಿನಲ್ಲಿ ಗಾಡಿ ಓಡಿಸಿ ಸೊಂಟ ಹಿಡಿಸಿಕೊಂಡು ಬರುತ್ತಾರೆ. ನಮ್ಮೆಜಮಾನರಿಗೆ ಹಿಡಿದದ್ದು ಬಂದೂಕಿನ ಹುಚ್ಚು. ಅದೂ ನಿಜವಾದ ಬಂದೂಕಲ್ಲ. ಮಹಾಯುದ್ಧದ ಕಾಲದ ಸಿಪಾಯಿಗಳ ಬಂದೂಕಿನ ಹಾಗೇ ಕಾಣುವ, ಆದರೆ ಮೊನ್ನೆ ಮೊನ್ನೆ ಯಾವುದೋ ಕಾರ್ಖಾನೆಯಲ್ಲಿ ತಯಾರಾದ, ಗುಂಡು ಹಾರದ, ಹಾರಲಾರದ ಬಂದೂಕು.

ಇವರ ಶೌರ್ಯದ ಬಗ್ಗೆ ಒಂದು ಮಾತು ಹೇಳಬೇಕು. ಮೈಸೂರಿನಲ್ಲಿ ದೀಪಾವಳಿಯ ಪಟಾಕಿ ಹಚ್ಚುವಾಗ ಇವರು ಊದುಬತ್ತಿಯನ್ನು ಜೇಡರ ಬಲೆ ಹೊಡೆಯುವ ಕೋಲಿನ ತುದಿಗೆ ಕಟ್ಟಿ, ಮುಖ ಆಚೆ ತಿರುಗಿಸಿಕೊಂಡು ಹಚ್ಚುತ್ತಿದ್ದರು. ಇಲ್ಲಿ ಆಫೀಸಿನ ಹಣಕಾಸು ವಿಭಾಗದಲ್ಲಿ ಕೆಲಸ. ಇನ್ನು ನಾನೋ, ಸಶಸ್ತ್ರ ಮೀಸಲು ಪಡೆಯ ಹೆಡ್ ಕಾನ್‌ಸ್ಟೆಬಲ್ಲರ ಮಗಳು. ನಮ್ಮಪ್ಪ ಕೆಲಸಕ್ಕೆ ಸೇರಿದಾಗಿನಿಂದ ಹೆಗಲ ಮೇಲೆ ಹೊತ್ತದ್ದು ಇದೇ ತ್ರೀ ನಾಟ್ ತ್ರೀ ಬಂದೂಕಿನ ಅಸಲನ್ನು. ಸಂಜೆ ಮನೆಗೆ ಬಂದರೆ ಅಮ್ಮ ಮಾಡುತ್ತಿದ್ದ ಮೊದಲ ಕೆಲಸ ಅವರ ಬಲಭುಜಕ್ಕೆ ಬಿಸಿ ಎಣ್ಣೆ ತಿಕ್ಕುವುದು. ಅಪ್ಪನ ಭುಜ ನೋಯಿಸಿದ ವಸ್ತುವನ್ನು ಅಂದಕ್ಕೆಂದು ಕೊಂಡು ತರುವವರನ್ನು ಕಂಡರೆ ನನಗೆ ಮೈ ಉರಿಯದೆ ಇನ್ನೇನಾಗಬೇಕು?

೧. ತೂತಿಲ್ಲದ ನಳಿಗೆ

ನಾವು ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ಗೆ ಹೋಗಿದ್ದು ಗೊಂಬೆ ತರುವುದಕ್ಕೆ. ನಮ್ಮ ತೌರಿನಲ್ಲಿ ದಸರಾ ಗೊಂಬೆ ಕೂರಿಸುವ ಪದ್ಧತಿ. ಮದುವೆಯಲ್ಲಿ ಅಮ್ಮ ಪಟ್ಟದ ಗೊಂಬೆ ಕೊಡುವಾಗಲೇ ಹೇಳಿದ್ದಳು: ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಲೇಬೇಕು, ತಪ್ಪಿಸಬಾರದು. ದೋಹಾದಲ್ಲಿ ಚನ್ನಪಟ್ಟಣದ ಗೊಂಬೆ ಎಲ್ಲಿಂದ ಬರಬೇಕು? ಹಾಗಾಗಿ ಒಂದು ವರ್ಷ ಮಣ್ಣಿನ ಒಂಟೆ, ಒಂದು ವರ್ಷ ಮರದ ಹಾಯಿದೋಣಿ, ಹೀಗೆ ಏನೋ ಒಂದು ಸೇರಿಸಿಕೊಂಡು ಬಂದಿದ್ದೇನೆ. ಪ್ರತಿ ವರ್ಷವೂ ಇವರು ಗೊಣಗುತ್ತಾರೆ. "ಇರೋ ಗೊಂಬೆ ಇಡೋಕೇ ಜಾಗ ಇಲ್ಲ, ಇನ್ನೊಂದು ಯಾಕೆ?" ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನಾನು ಒಂದು ಜೋಡಿ ಗಿಡುಗದ ಗೊಂಬೆಯನ್ನು ಚೌಕಾಸಿ ಮಾಡುತ್ತಿದ್ದೆ. ಹಿಂದಿರುಗಿ ನೋಡಿದರೆ ಇವರಿಲ್ಲ. ಪಕ್ಕದ ಅಂಗಡಿಯ ಒಳಗಿಂದ 'ಖಟಕ್' ಎಂದು ಒಂದು ಸದ್ದು ಬಂತು. ಚಿಕ್ಕಂದಿನಲ್ಲಿ ಪೊಲೀಸ್ ಮೈದಾನದ ಕವಾಯತಿನಲ್ಲಿ ಕೇಳಿದ್ದ ಸದ್ದು ಅದು. ಒಳಗೆ ಹೋದರೆ ಇವರು ಬಂದೂಕಿನ ಬೋಲ್ಟು ಎಳೆದು, ಬಿಟ್ಟು, ಮತ್ತೆ ಎಳೆಯುತ್ತಿದ್ದಾರೆ. ಮುಖದಲ್ಲಿ ಅದೇನು ಕಳೆ! ನಮ್ಮ ಮದುವೆಯ ವಿಡಿಯೋ ಪೂರ್ತಿ ಹುಡುಕಿದರೂ ಆ ಮುಖ ಸಿಗುವುದಿಲ್ಲ.

ಅಂಗಡಿಯವರು ಬಂಟ್ವಾಳದ ಕಡೆಯ ಬ್ಯಾರಿ. ನಮ್ಮ ಕನ್ನಡ ಕೇಳಿ ಸ್ಟೂಲು ಎಳೆದುಕೊಟ್ಟರು. "ಬನ್ನಿ ಅಕ್ಕ, ಕೂತ್ಕೊಳ್ಳಿ. ಊರಿನವರು ಬಂದ್ರೆ ಖುಷಿ ಆಗ್ತದೆ."

"ಇದು ಹಳೇದಾ?" ಎಂದೆ.

"ಸುಳ್ಳು ಹೇಳ್ಲಿಕ್ಕೆ ಇಲ್ಲ ಅಕ್ಕ. ಹೊಸತು. ಹಳತರ ಹಾಗೆ ಮಾಡಿದ್ದು."

"ಗುಂಡು ಹಾರುತ್ತಾ?"

"ಎಂತ ಹಾರುದು! ನಳಿಗೆಯಲ್ಲಿ ತೂತೇ ಇಲ್ಲ. ನೋಡಿ, ಬೆರಳಿಟ್ಟು ನೋಡಿ."

ನಾನು ನೋಡಿದೆ. ನಿಜ, ತುದಿಯಲ್ಲಿ ತೂತಿನ ಹಾಗೆ ಒಂದು ಗುಳಿ ಮಾಡಿದ್ದರು, ಅಷ್ಟೇ. ನನಗೆ ಸಮಾಧಾನವಾಯಿತು. ತೂತಿಲ್ಲದ ಬಂದೂಕನ್ನು ಬುದ್ಧಿ ಇರುವ ಮನುಷ್ಯ ಯಾಕೆ ಕೊಳ್ಳುತ್ತಾನೆ?

"ನೋಡಿದ್ಯಾ?" ಇವರು ಕಣ್ಣರಳಿಸಿದರು. "ಪರ್ಮಿಟ್ಟೂ ಬೇಡ, ಭಯಾನೂ ಇಲ್ಲ. ಈ ಮರ ನೋಡೇ, ಅಕ್ರೋಟು ಮರ. ಈ ಗೀರು ನೋಡು, ಕೈಯಲ್ಲಿ ಮಾಡಿರೋದು. ಈ ಹಿತ್ತಾಳೆ ಪಟ್ಟಿ ಕಪ್ಪಾಗಿರೋದು ನೋಡು."

ನಾನು ಅಂಗಡಿಯವರನ್ನೇ ಕೇಳಿದೆ. "ಅಲ್ಲ, ಗೀರು ಬಿದ್ದು ಕಪ್ಪಾಗಿರೋದೇ ಬೇಕಾದ್ರೆ ನಿಜವಾದ ಹಳೇದನ್ನೇ ಇಟ್ಟುಕೊಳ್ಳಬಹುದಲ್ಲ?"

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. "ನಿಜವಾದ ಹಳತು ಯಾರಿಗೂ ಬೇಡ ಅಕ್ಕ. ಅದು ತುಂಬಾ ಹಳತಾಗಿ ಕಾಣ್ತದೆ."

೨. ಎರಡು ಮೆಟ್ಟಿಲು

ಐನ್ ಖಾಲಿದ್‌ ಬಡಾವಣೆಯಲ್ಲಿ ನಮ್ಮದು ಒಂದು ದೊಡ್ಡ ವಿಲ್ಲಾವನ್ನು ಹೋಳು ಮಾಡಿ ಬಾಡಿಗೆಗೆ ಕೊಟ್ಟ ಮನೆಯ ಒಂದು ಹೋಳು. ಹಾಲಿಗೆ ನಾಲ್ಕು ಗೋಡೆ ಇದೆ ಎನ್ನುವುದು ಹೆಸರಿಗೆ ಮಾತ್ರ. ಒಂದು ಕಡೆ ಕಿಟಕಿ, ಒಂದು ಕಡೆ ಬಾಗಿಲು, ಒಂದು ಕಡೆ ಅಡುಗೆಮನೆಯ ಕಮಾನು. ಉಳಿದದ್ದು ಒಂದೇ ಗೋಡೆ. ಅದು ನನ್ನ ಗೊಂಬೆ ಗೋಡೆ. ದಸರಾ ಬಂದರೆ ಟ್ರಂಕು, ಕಾರ್ಟನ್ನು, ಮಂಚದ ಹಲಗೆ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ ಏಳು ಮೆಟ್ಟಿಲು ಕಟ್ಟುತ್ತೇನೆ.

ನಾನು ಗಣಿತ ಕಲಿಸುವ ಶಾಲೆಯಿಂದ ಒಂದು ದಿನ ಬಂದು ನೋಡುತ್ತೇನೆ, ಆ ಗೋಡೆಯ ನಟ್ಟನಡುವೆ ಎರಡು ಕೊಕ್ಕೆ ಹೊಡೆದು ಬಂದೂಕು ನೇತುಹಾಕಿದ್ದಾರೆ. ಟೇಪು ಹಿಡಿದು ಅಳೆದೆ. ಏಳು ಮೆಟ್ಟಿಲು ಕಟ್ಟಿದರೆ ಪಟ್ಟದ ರಾಜನ ಕಿರೀಟ ಬಂದೂಕಿಗೆ ಬಡಿಯುತ್ತದೆ.

"ಒಂದು ಮೆಟ್ಟಿಲು ಕಮ್ಮಿ ಮಾಡ್ಕೋ," ಎಂದರು ಇವರು, ಕೊತ್ತಂಬರಿ ಸೊಪ್ಪು ಒಂದು ಕಟ್ಟು ಕಮ್ಮಿ ತಗೋ ಎನ್ನುವಷ್ಟು ಹಗುರವಾಗಿ.

"ಒಂದು ಇಳಿಸಿದ್ರೆ ಆರಾಗುತ್ತೆ. ಮೆಟ್ಟಿಲು ಬೆಸಸಂಖ್ಯೆಯಲ್ಲೇ ಇರಬೇಕು. ಎರಡು ಇಳಿಸಬೇಕು!"

"ಹಾಗಿದ್ರೆ ಎರಡು ಇಳಿಸು."

ಎರಡು ಮೆಟ್ಟಿಲು ಅಂದರೆ ಏನು ಎನ್ನುವುದು ಗೊಂಬೆ ಕೂರಿಸಿದವರಿಗೇ ಗೊತ್ತು. ನನ್ನ ಮದುವೆ ದಿಬ್ಬಣ, ವಾದ್ಯದವರು, ಬಡಿಸುವವರ ಸಮೇತ ಊಟದ ಪಂಕ್ತಿ, ಎಲ್ಲವೂ ಟ್ರಂಕಿನಲ್ಲೇ ಉಳಿಯಬೇಕು. ಅಮ್ಮ ಬಸ್ಸು, ವಿಮಾನ ಎಲ್ಲ ದಾಟಿಸಿ ಮಡಿಲಲ್ಲಿಟ್ಟುಕೊಂಡು ತಂದುಕೊಟ್ಟ ಗೊಂಬೆಗಳು ಅವು. ನಾನು ಕೂಗಾಡಿದೆ. ಇವರೂ ಕೂಗಾಡಿದರು. ಕೊನೆಗೆ ಇವರೇ ಒಂದು ಪಂದ್ಯ ಕಟ್ಟಿದರು.

"ದಸರಾಕ್ಕೆ ನಿಮ್ಮಪ್ಪ ಬರ್ತಿದ್ದಾರಲ್ಲ. ಜೀವಮಾನವೆಲ್ಲ ಬಂದೂಕು ಹಿಡಿದೋರು. ಅವರೇ ನೋಡಿ ಹೇಳಲಿ. ತೆಗೀರಿ ಅಂದ್ರೆ ಅವತ್ತೇ ತೆಗೆದು ಕೊಕ್ಕೆ ಸಮೇತ ಕಿತ್ತುಬಿಡ್ತೀನಿ. ಇರಲಿ ಅಂದ್ರೆ ನೀನು ಇನ್ನು ಬಾಯಿ ಎತ್ತಬಾರದು."

ನಾನು ತಕ್ಷಣ ಒಪ್ಪಿದೆ. ನಮ್ಮಪ್ಪ ನನ್ನ ಕಡೆ ಇರದೆ ತೂತಿಲ್ಲದ ನಳಿಗೆಯ ಕಡೆ ಇರುತ್ತಾರೆಯೇ? ನಮ್ಮ ಮಗಳಂತೂ ಗೋಡೆ ನೋಡಿ ಖುಷಿಯಾಗಿದ್ದಳು. "ಅಮ್ಮಾ, ಮೇಲೆ ಗನ್ ಇದ್ರೆ ರಾಜಾಗೆ ಸೇಫ್ ಅಲ್ವಾ? ಸೆಕ್ಯುರಿಟಿ ತರ."

ಐನ್ ಖಾಲಿದ್‌ನಲ್ಲಿ ನನ್ನ ಪರ ವಾದಿಸುವವರು ಯಾರೂ ಇರಲಿಲ್ಲ.

೩. ಹುಣಸೆಹಣ್ಣಿನ ಅನಾಹುತ

ಇನ್ನೊಂದು ಅನ್ಯಾಯ ಕೇಳಿ. ನನ್ನ ಕಬ್ಬಿಣದ ದೋಸೆ ಕಾವಲಿ ಇದೆ, ಅಜ್ಜಿಯದು, ಅಂಚು ಸವೆದಿದೆ. "ಹಳೇದಾಯ್ತು, ಬಿಸಾಕು, ನಾನ್‌ಸ್ಟಿಕ್ ತಗೋ" ಎಂದು ಇವರು ಹೇಳದ ದಿನವಿಲ್ಲ. ನನ್ನ ಇಸ್ತ್ರಿಪೆಟ್ಟಿಗೆಯ ಹಿಡಿಗೆ ಗೀರು ಬಿದ್ದಿದ್ದಕ್ಕೆ ಹೊಸದು ತಂದರು. ಅದೇ ಮನುಷ್ಯ ಹೊಸ ಬಂದೂಕಿಗೆ ಗೀರು ಹಾಕಿಸಿಕೊಂಡು ತಂದು, ಒಬ್ಬೊಬ್ಬರಿಗೂ ಆ ಗೀರಿನ ದರ್ಶನ ಮಾಡಿಸುತ್ತಿದ್ದರು.

ಆ ವಾರ ಹಬ್ಬಕ್ಕೆಂದು ಮನೆಯ ಹಿತ್ತಾಳೆ ಸಾಮಾನೆಲ್ಲ ತೊಳೆಯಲು ಇಳಿಸಿದೆ. ದೀಪದ ಕಂಬ, ಗಂಟೆ, ಆರತಿ ತಟ್ಟೆ. ಬಂದೂಕಿನ ಬುಡದಲ್ಲೂ ಒಂದು ಹಿತ್ತಾಳೆ ಪಟ್ಟಿ ಇತ್ತಲ್ಲ, ಕರ್‍ರಗೆ, ಗಲೀಜಾಗಿ. ಹಬ್ಬದ ಮನೆಯಲ್ಲಿ ಕಪ್ಪು ಹಿಡಿದ ಹಿತ್ತಾಳೆ ಇಟ್ಟುಕೊಂಡು ಯಾವ ಗೃಹಿಣಿ ಸುಮ್ಮನಿರುತ್ತಾಳೆ? ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಪಳಪಳ ಹೊಳೆಯಿತು. ಕೈ ಹಾಕಿದ್ದೇ ಆಯಿತೆಂದು ಮರಕ್ಕೂ ತೆಂಗಿನ ನಾರು ತೋರಿಸಿದೆ. ಕಬ್ಬಿಣದ ಮೇಲಿನ ತುಕ್ಕಿನಂಥದ್ದನ್ನೂ ಕೆರೆದು ತೆಗೆದೆ. ನನಗೇ ಹೆಮ್ಮೆಯಾಯಿತು.

ಇವರು ಆಫೀಸಿನಿಂದ ಬಂದು ಗೋಡೆ ನೋಡಿದರು. ಚೀಲ ಕೈಯಿಂದ ಜಾರಿತು. "ಏನ್ ಮಾಡಿದ್ಯೇ?" ಎಂದರು. ಆಮೇಲೆ ಸೋಫಾದ ಮೇಲೆ ಕೂತು ತಲೆ ಹಿಡಿದುಕೊಂಡರು.

"ತೊಳೆದೆ."

"ನೂರು ವರ್ಷದ ಕಳೆ ತೊಳೆದುಬಿಟ್ಯಲ್ಲೇ!"

"ಅದು ಬಂದೇ ನೂರು ದಿನ ಆಗಿಲ್ಲ!"

ಮಾರನೆಯ ದಿನ ಬಂದೂಕನ್ನು ಬೆಡ್‌ಶೀಟಿನಲ್ಲಿ ಸುತ್ತಿ, ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಹಾಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಸೂಕಿಗೆ ಒಯ್ದರು. ಜೊತೆಗೆ ನನ್ನನ್ನೂ, ತಪ್ಪಿತಸ್ಥೆ ಎಂದು. ಅಂಗಡಿಯವರು ಬಿಚ್ಚಿ ನೋಡಿ ಮೀಸೆಯಲ್ಲೇ ನಕ್ಕರು.

"ಚಿಂತೆ ಮಾಡ್ಬೇಡಿ ಮಾರಾಯ್ರೆ. ಚಾದ ಕಡು ಡಿಕಾಕ್ಷನ್ ಹಾಕಿ ಪುನಃ ಹಳತು ಮಾಡಿ ಕೊಡ್ತೇನೆ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಅಕ್ಕ, ಈ ವಾರ ನೀವು ಮೂರನೆಯವರು. ಇಬ್ಬರು ಬೆಂಗಳೂರಿನವರು ಆಗ್ಲೇ ತಿಕ್ಕಿ ತಂದಿದ್ದಾರೆ."

ಬಂದೂಕು ರಿಪೇರಿಯಾಗಿ ಅದೇ ಬೆಡ್‌ಶೀಟಿನಲ್ಲಿ ಮನೆಗೆ ವಾಪಸಾಯಿತು. ಇವರು ಅದನ್ನು ಎದೆಗವುಚಿಕೊಂಡು ಗೇಟಿನೊಳಗೆ ಬರುವುದನ್ನು ಪಕ್ಕದ ಹೋಳಿನ ಮಲಯಾಳಿ ಹೆಂಗಸು ಕಂಡಳು. ಸಂಜೆಯೇ ಬಾಗಿಲು ತಟ್ಟಿದಳು. ಜೊತೆಯಲ್ಲಿ ಜಡೆ ಹೆಣೆದುಕೊಂಡ ಮಗಳು, ಕೈಯಲ್ಲಿ ತಟ್ಟೆ, ವೀಳ್ಯದೆಲೆ, ಅಡಿಕೆ, ದಕ್ಷಿಣೆ. ಉದ್ದ ಕುತ್ತಿಗೆ, ದಪ್ಪ ಬುಡ, ಮೇಲೆ ಮೆತ್ತನೆ ಹೊದಿಕೆ ನೋಡಿ ತಂಬೂರಿ ಎಂದುಕೊಂಡು, ಮಗಳನ್ನು ಸಂಗೀತ ಪಾಠಕ್ಕೆ ಸೇರಿಸಲು ಬಂದಿದ್ದಳು. ಇಷ್ಟು ದಿನ ಸಂಗೀತದವರು ಪಕ್ಕದಲ್ಲೇ ಇದ್ದೂ ಗೊತ್ತಾಗಲಿಲ್ಲವೆಂದು ನನ್ನನ್ನೇ ಆಕ್ಷೇಪಿಸಿದಳು. ಗೋಡೆಯ ಕಡೆ ಬೆರಳು ತೋರಿಸಿದೆ. ಅವಳು ನೋಡಿದಳು. ಇನ್ನೇನು ಬೈಯುತ್ತಾಳೆ, ನನಗೊಂದು ಜೊತೆ ಸಿಕ್ಕಿತು ಎಂದುಕೊಂಡೆ.

ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಇದನ್ನು ಕಲಿಸುವುದಾದರೆ ನನಗೂ ಒಂದು ಸೀಟಿಡಿ ಎಂದಳು.

೪. ಮುದೀರ್ ಸಾಹೇಬರ ದೋಸೆ

ಇವರ ಮುದೀರ್, ಅಂದರೆ ಆಫೀಸಿನ ಮ್ಯಾನೇಜರು, ಇಲ್ಲಿಯವರೇ. ಬಹಳ ಘನವಂತ ಮನುಷ್ಯ. ಅವರಿಗೆ ಮಸಾಲೆ ದೋಸೆ ತಿನ್ನಬೇಕೆಂದು ಆಸೆ ಎಂದು ಇವರು ಒಂದು ಗುರುವಾರ ಮಧ್ಯಾಹ್ನ ಆಫೀಸಿನಿಂದಲೇ ಕರೆದುಕೊಂಡು ಬಂದರು. ನನಗೆ ಒಳಗೊಳಗೇ ಸಂತೋಷವಾಯಿತು, ಯಾಕೆಂದರೆ ಅವರ ಮನೆಯ ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳು ಕೂರುವ ಕೋಣೆಯಲ್ಲಿ, ಅವರ ತಾತನ ಅಸಲಿ ಬಂದೂಕು ಇದೆಯೆಂದು ಇವರೇ ಹೇಳಿದ್ದರು. ಅಸಲು ಇಟ್ಟುಕೊಂಡವರು ನಕಲಿಗೆ ಮರ್ಯಾದೆ ಕೊಡುತ್ತಾರೆಯೇ? ಮುದೀರ್ ಒಂದು ಮಾತು ಆಡಿದರೆ ಸಾಕು, ಗೋಡೆ ಬಿಡಿಸಿಕೊಳ್ಳಲು ಅಪ್ಪ ಬರುವವರೆಗೂ ಕಾಯಬೇಕಾಗಿಲ್ಲ.

ಅವರು ಬಂದರು, ಗೋಡೆ ಕಂಡರು, ನಿಂತರು.

"ಹಳೆಯದೋ?"

"ಹೊಸದು ಸರ್," ಎಂದರು ಇವರು, ತಲೆ ತಗ್ಗಿಸಿ.

"ಮುಟ್ಟಬಹುದೋ?"

ಕೊಕ್ಕೆಯಿಂದ ಇಳಿಸಿ ಕೊಟ್ಟರು. ಮುದೀರ್ ಬೋಲ್ಟು ಎಳೆದರು. ಖಟಕ್. ಮತ್ತೆ ಎಳೆದರು. ಖಟಕ್. ಏಸಿಗೆ ಗುರಿಯಿಟ್ಟರು, ಫ್ರಿಜ್ಜಿಗೆ ಗುರಿಯಿಟ್ಟರು, ಸೋಫಾದ ಹಿಂದೆ ಬಗ್ಗಿ ಕೂತು ಬಾಗಿಲಿಗೂ ಗುರಿಯಿಟ್ಟರು. ಮೇಲೆದ್ದಾಗ ಆ ಘನವಂತರ ಮುಖ ಹತ್ತು ವರ್ಷದ ಹುಡುಗನ ಮುಖವಾಗಿತ್ತು.

"ನಮ್ಮ ತಾತನದು ಗಾಜಿನ ಪೆಟ್ಟಿಗೆಯಲ್ಲಿದೆ," ಎಂದರು ನನಗೆ. "ನಮ್ಮ ತಂದೆಯವರೇ ಅದನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಬೈಯುತ್ತಾರೆಂದು ಇವತ್ತಿಗೂ ಹೆದರಿಕೆ. ಇದನ್ನು ಮುಟ್ಟಿದರೆ ಯಾರೂ ಬೈಯುವುದಿಲ್ಲ."

ಇವರು ನನ್ನ ಕಡೆ ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ದೋಸೆ ಆರಿ ಚಪ್ಪಲಿಯಂತಾಯಿತು. ಹಿಂದಿನ ರಾತ್ರಿಯೇ ರುಬ್ಬಿಟ್ಟ ಹಿಟ್ಟು, ಮೂರು ಬಗೆಯ ಚಟ್ನಿ, ಅದಕ್ಕೆಲ್ಲ ಸೇರಿ ಹೊಗಳಿಕೆಯೆಂದು ಒಂದು 'ಮಾಶಾ ಅಲ್ಲಾಹ್' ಬಂತು. ಮುದೀರ್ "ಯಲ್ಲಾ, ಹೊರಡೋಣ" ಎಂದು ಎದ್ದರು. ಇಬ್ಬರೂ ಒಂದೇ ಗಾಡಿಯಲ್ಲಿ ಸೂಕಿಗೆ ಹೊರಟರು. ಇವರ ಹಿಂದಿನ ವರ್ಷದ ರಜೆಯ ಅರ್ಜಿಗೆ ತಿಂಗಳುಗಟ್ಟಲೆ ಸಹಿ ಹಾಕದಿದ್ದ ಆ ಮನುಷ್ಯ, ತಾವು ಕೊಳ್ಳುವ ಬಂದೂಕಿನ ಬಣ್ಣ ಆರಿಸಿಕೊಡಲು ಇವರಿಗೆ ಅರ್ಧ ದಿನ ರಜೆ ಕೊಟ್ಟರು.

೫. ಗೊಂಬೆ ನೋಡಲು ಬಂದವರು

ದಸರಾ ಬಂತು. ಅಪ್ಪ ಹಬ್ಬದ ನಡುವೆ ಬರುವವರಿದ್ದರು. ಹಾಗಾಗಿ ಹಲ್ಲು ಕಚ್ಚಿಕೊಂಡು ಬಂದೂಕಿನ ಕೆಳಗೆ ಐದೇ ಮೆಟ್ಟಿಲು ಕಟ್ಟಿದೆ. ದಿಬ್ಬಣ ಟ್ರಂಕಿನಲ್ಲೇ ಉಳಿಯಿತು.

ನಮ್ಮ ಕನ್ನಡದ ಗೆಳತಿಯರಿಗೆಲ್ಲ ಗೊಂಬೆ ನೋಡಲು ಬನ್ನಿ ಎಂದು ಹೇಳಿದ್ದೆ. ಎಲ್ಲರದ್ದೂ ಒಂದೇ ಉತ್ತರ: "ನಮ್ಮೆಜಮಾನ್ರೂ ಬರ್ತಾರಂತೆ." ನನಗೆ ಆಗಲೇ ಅನುಮಾನ ಬರಬೇಕಿತ್ತು. ಗೊಂಬೆ ಆರತಿಗೆ ಗಂಡಸರು ತಾವಾಗಿ ಬಂದದ್ದನ್ನು ನಾನಂತೂ ಎಲ್ಲೂ ಕಂಡಿಲ್ಲ. ಹೆಚ್ಚೆಂದರೆ ಹೊರಗೆ ಕಾರಿನಲ್ಲಿ ಕೂತು ಹಾರನ್ ಹೊಡೆಯುತ್ತಾರೆ.

ಆವತ್ತು ಹಾಲ್ ಜನರಿಂದ ತುಂಬಿತು. ಗಂಡಸರು ಸಾಲುಗಟ್ಟಿ ನಿಂತರು. ಒಬ್ಬೊಬ್ಬರೂ ಖಟಕ್ ಮಾಡಿ ಮುಂದಿನವರಿಗೆ ದಾಟಿಸಿದರು. ಒಬ್ಬ ಹೃದ್ರೋಗದ ಡಾಕ್ಟರಂತೂ ಎರಡನೇ ಸಲ ಸಾಲಿಗೆ ನಿಂತು ಸಿಕ್ಕಿಬಿದ್ದರು. ಹೋಗಲಿ, ಗಂಡಸರು. ಹೆಂಗಸರಾದರೂ ನನ್ನ ಪಾರ್ಕು, ನನ್ನ ಒಂಟೆ, ಈ ವರ್ಷದ ಹೊಸ ಗಿಡುಗದ ಜೋಡಿ ನೋಡಬೇಕೋ ಬೇಡವೋ? ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು ಬಂದವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದೂಕು ಹೆಗಲಿಗೇರಿಸಿ, ರಾಜವಂಶದವರ ಹಾಗೆ ನಿಂತು ಫೋಟೋ ತೆಗೆಸಿಕೊಂಡರು.

"ರೀ, ಸ್ವಲ್ಪ ಆ ಗೊಂಬೆ ಪಕ್ಕಕ್ಕೆ ಸರಿಸ್ತೀರಾ? ಫ್ರೇಮಲ್ಲಿ ಅಡ್ಡ ಬರ್ತಿದೆ," ಎಂದಳು ಒಬ್ಬಳು. ಸರಿಸಲು ಹೇಳಿದ್ದು ಪಟ್ಟದ ರಾಣಿಯನ್ನು!

ಸಂಜೆ ಗ್ರೂಪಿನಲ್ಲಿ ಫೋಟೋಗಳ ಸುರಿಮಳೆ. ಒಂದೊಂದನ್ನೂ ಬೆರಳಲ್ಲಿ ಹಿಗ್ಗಿಸಿ ನೋಡಿದೆ. ವಾರವಿಡೀ ಬಗ್ಗಿ ಎದ್ದು ಜೋಡಿಸಿದ ಐದು ಮೆಟ್ಟಿಲಿನಲ್ಲಿ ಒಂದೇ ಒಂದು ಗೊಂಬೆ ಫೋಟೋಗೆ ಬಿದ್ದಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ದಿನಸಿ ಅಂಗಡಿ ಇಟ್ಟು ಕೂತ ಶೆಟ್ಟಮ್ಮನ ಅರ್ಧ ತಲೆ. ಅದರ ಕೆಳಗೆ ಯಾರೋ ಬರೆದಿದ್ದರು: "ಸೂಪರ್ ಗೊಂಬೆ ಹಬ್ಬ!"

೬. ಅಪ್ಪನ ತೀರ್ಪು

ಅಪ್ಪ ಒಬ್ಬರೇ ಬಂದರು. ಅಮ್ಮ ತನ್ನ ಗೊಂಬೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು ಮೈಸೂರಿನಲ್ಲೇ ಉಳಿದಳು. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೆಲ್ಲ ಇವರು ಮಾವನಿಗೆ ಇನ್ನಿಲ್ಲದ ಉಪಚಾರ ಮಾಡಿದರು. ಬಾಗಿಲು ತೆಗೆದು, ಲೈಟು ಹಾಕಿ, ನಾಟಕದ ಪರದೆ ಎಳೆದವರ ಹಾಗೆ ಪಕ್ಕಕ್ಕೆ ಸರಿದು ನಿಂತರು.

ಅಪ್ಪ ಗೋಡೆ ನೋಡಿದರು. "ಹೂಂ," ಎಂದರು. "ಕಾಫಿ ಇದೆಯೇನಮ್ಮ?"

ಅಷ್ಟೇ. ಮಾರನೆಯ ದಿನವೂ ಅಷ್ಟೇ. ಅಪ್ಪ ಹೊತ್ತು ಸಿಕ್ಕಾಗಲೆಲ್ಲ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು, ಕೈ ಕಟ್ಟಿ, ನೋಡುತ್ತಾ ಕೂತುಬಿಡುತ್ತಿದ್ದರು. ಇವರು ಅಡುಗೆಮನೆಗೆ ಬಂದು ಪಿಸುಗುಟ್ಟಿದರು, "ನೋಡಿದ್ಯಾ? ಕಣ್ಣು ಕೀಳ್ತಾ ಇಲ್ಲ. ಹಳೇದೆಲ್ಲ ನೆನಪಾಗ್ತಿದೆ ಅವರಿಗೆ." ನನಗೂ ದಿಗಿಲಾಗತೊಡಗಿತು. ನಮ್ಮಪ್ಪನೂ ಕೈಬಿಟ್ಟರೆ ನನ್ನ ದಿಬ್ಬಣ ಇನ್ನು ಟ್ರಂಕಿನಿಂದ ಏಳುವುದಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಇವರು ನನಗಿಂತ ಮೊದಲೇ ಸ್ನಾನ ಮಾಡಿ ಸಿದ್ಧರಾಗಿದ್ದರು. ಮಣೆಯ ಮೇಲೆ ಕೆಂಪು ವಸ್ತ್ರ ಹಾಸಿ ಬಂದೂಕನ್ನು ಮಲಗಿಸಿ, ಗಂಧ, ಕುಂಕುಮ, ಸೇವಂತಿಗೆ ಹಾರ, ನಳಿಗೆಯ ತುದಿಗೆ ಒಂದು ನಿಂಬೆಹಣ್ಣು. ಅದರ ಪಕ್ಕದಲ್ಲಿ, ಬಡವರ ಸಾಲಿನಲ್ಲಿ ಎನ್ನುವ ಹಾಗೆ, ನನ್ನ ಈಳಿಗೆಮಣೆ, ಮಿಕ್ಸಿ, ಕತ್ತರಿ, ಮಗಳ ಜಾಮಿಟ್ರಿ ಪೆಟ್ಟಿಗೆ, ಕಾರಿನ ಬೀಗದಕೈ. ಪೂಜೆ ಮಾಡಬೇಕಾದವರು ಅಪ್ಪ.

ಅಪ್ಪ ಪಂಚೆ ಉಟ್ಟು ಬಂದು ಆರತಿ ಎತ್ತಿಕೊಂಡರು. ಈಳಿಗೆಮಣೆಗೆ ಬೆಳಗಿದರು. ಮಿಕ್ಸಿಗೆ, ಕತ್ತರಿಗೆ, ಜಾಮಿಟ್ರಿ ಪೆಟ್ಟಿಗೆಗೆ, ಬೀಗದಕೈಗೆ ಬೆಳಗಿದರು. ಬಂದೂಕನ್ನು ದಾಟಿಕೊಂಡು ಹೋಗಿ ತಟ್ಟೆ ಕೆಳಗಿಟ್ಟುಬಿಟ್ಟರು.

"ಮಾವ," ಇವರು ಬಂದೂಕಿನ ಕಡೆ ಕೈ ತೋರಿಸಿದರು, "ಇದೊಂದು ಬಿಟ್ಟುಹೋಯ್ತು."

"ಇದೇನು ಅಳಿಯಂದ್ರೆ?"

"ತ್ರೀ ನಾಟ್ ತ್ರೀ, ಮಾವ! ನೀವು ಹೊತ್ತಿದ್ದು!"

ಅಪ್ಪ ಬಗ್ಗಿ ಅದನ್ನೆತ್ತಿಕೊಂಡರು. ಆ ಕ್ಷಣ ನಾನು ಕಂಡೆ, ಅವರ ಬಲಭುಜ ತಾನಾಗಿಯೇ ಸ್ವಲ್ಪ ಇಳಿದು ಜಾಗ ಮಾಡಿಕೊಟ್ಟಿತು. "ಇದು ಏನ್ ಕೆಲಸ ಮಾಡುತ್ತೆ?" ಎಂದು ಕೇಳಿದರು.

"ಕೆಲಸ ಏನೂ ಮಾಡಲ್ಲ ಮಾವ. ನೋಡೋಕೆ."

"ಈಳಿಗೆಮಣೆ ಹೆಚ್ಚುತ್ತೆ, ಕತ್ತರಿ ಕತ್ತರಿಸುತ್ತೆ. ಇವತ್ತು ಪೂಜೆ ಅವಕ್ಕೆ. ಕೆಲಸ ಏನೂ ಇಲ್ಲ, ಚೆಂದವಾಗಿ ಕೂತಿರಬೇಕು, ಜನ ಬಂದು ನೋಡಬೇಕು ಅನ್ನೋದನ್ನ ಏನಂತಾರೆ ಪುಟ್ಟಿ?"

"ಡಾಲ್!" ಎಂದು ಕೂಗಿದಳು ನನ್ನ ಮಗಳು.

"ಹಾಂ, ಗೊಂಬೆ. ಗೊಂಬೆ ಜಾಗ ಗೋಡೆ ಮೇಲಲ್ಲ, ಅಲ್ಲಿ." ಅಪ್ಪ ನೇರವಾಗಿ ಹೋಗಿ, ದಿನಸಿ ಮಾರುವ ಶೆಟ್ಟಿ, ಶೆಟ್ಟಮ್ಮ ಕೂತಿದ್ದ ಕೆಳಗಿನ ಮೆಟ್ಟಿಲಿನ ಮೇಲೆ ಬಂದೂಕನ್ನು ಮೆಲ್ಲಗೆ ಇಟ್ಟರು.

ಇಟ್ಟವರು ಅಲ್ಲಿಂದ ಕದಲಲಿಲ್ಲ. ಗೊಂಬೆಗಳ ಕಡೆ ಮುಖ ಮಾಡಿಕೊಂಡೇ ಹೇಳಿದರು, "ಕೆಲಸಕ್ಕೆ ಸೇರಿದ್ದು ಮೊದಲ್ಗೊಂಡು ಈ ವರ್ಷ ರಿಟೈರ್ ಆಗೋವರೆಗೂ ದಸರಾ ಅಂದ್ರೆ ನನಗೆ ಬಂದೋಬಸ್ತು. ಇದರ ಅಣ್ಣನ್ನ ಹೊತ್ಕೊಂಡು ರಸ್ತೇಲಿ ನಿಲ್ತಿದ್ದೆ. ಪೊಲೀಸು ಜನದ ಕಡೆ ಮುಖ ಮಾಡಿ ನಿಲ್ಲಬೇಕು, ಮೆರವಣಿಗೆ ಕಡೆ ಅಲ್ಲ. ಆನೆ ಬೆನ್ನ ಹಿಂದೆ ಹೋಗ್ತಿತ್ತು. ಗೆಜ್ಜೆ ಸದ್ದು ಕೇಳಿದ್ದೀನಿ, ಅಂಬಾರಿ ನೋಡಿಲ್ಲ. ಮನೆಗೆ ಬರೋ ಹೊತ್ತಿಗೆ ನಿಮ್ಮಮ್ಮ ಗೊಂಬೆ ಮಲಗಿಸಿ ಟ್ರಂಕಿಗೆ ಹಾಕಿರ್ತಿದ್ಲು. ಕೂರಿಸಿದ ಗೊಂಬೇನ ಹೀಗೆ ಕೂತ್ಕೊಂಡು ನೋಡಿದ್ದು ಈ ವರ್ಷವೇ ಕಣಮ್ಮ." ಬಂದೂಕಿನ ಬೆನ್ನು ತಟ್ಟಿದರು. "ಇದೂ ಕೂತು ನೋಡಲಿ ಬಿಡು. ಪಾಪ, ಇದರ ವಂಶದಲ್ಲಿ ಯಾರೂ ನೋಡಿಲ್ಲ."

ಮೂರು ದಿನದಿಂದ ಅವರು ನೋಡುತ್ತಿದ್ದದ್ದು ಗೊಂಬೆಯನ್ನು; ನಾವು ಗಂಡ ಹೆಂಡಿರಿಬ್ಬರೂ ಬಂದೂಕನ್ನು ಎಂದುಕೊಂಡಿದ್ದೆವು. ನನಗೆ ಕಣ್ಣು ತುಂಬಿ ಬಂತು. ಕುರ್ಚಿ ಹತ್ತಿ ಆ ಕೊಕ್ಕೆಗಳನ್ನು ನಾನೇ ತಿರುಗಿಸಿ ಕಿತ್ತೆ. ಇವರೇ ಬಂದು ಕುರ್ಚಿ ಹಿಡಿದುಕೊಂಡರು. ಕೊಟ್ಟ ಮಾತಿಗೆ ತಪ್ಪುವವರಲ್ಲ, ಅದನ್ನು ಒಪ್ಪಬೇಕು. ಆ ಮಧ್ಯಾಹ್ನವೇ ಐದು ಮೆಟ್ಟಿಲು ಏಳಾಯಿತು. ಅಪ್ಪ ತಮ್ಮ ಕೈಯಾರೆ ದಿಬ್ಬಣ ಜೋಡಿಸಿದರು, ವಾದ್ಯದವರನ್ನು ಮಾತ್ರ ಬಂದೋಬಸ್ತಿನವರ ಹಾಗೆ ಜನದ ಕಡೆ ಮುಖ ಮಾಡಿಸಿ ನಿಲ್ಲಿಸಿದರು. ನಾನು ತಿದ್ದಲಿಲ್ಲ.

ವಿಜಯದಶಮಿಯ ಸಂಜೆ ಆರತಿ ಎತ್ತಿ ಗೊಂಬೆ ಮಲಗಿಸಿದೆವು. ರಾಜ, ರಾಣಿ, ಶೆಟ್ಟಿ, ಶೆಟ್ಟಮ್ಮ, ಒಂಟೆ, ಗಿಡುಗ. ಕೊನೆಗೆ ಬಂದೂಕು. ಅದನ್ನು ನನ್ನ ಹಳೆಯ ಪತ್ತಲದಲ್ಲಿ ಸುತ್ತಿ, ಡಾಂಬರು ಗುಳಿಗೆ ಹಾಕಿ ಟ್ರಂಕಿಗಿಡುವಾಗ ನಾನು ಆನಂದವನ್ನು ಮುಚ್ಚಿಡಲಿಲ್ಲ. ಇನ್ನು ಮುಂದಿನ ದಸರಾವರೆಗೆ ಅದರ ಮುಖ ನೋಡುವಂತಿಲ್ಲ. ಗೋಡೆ ನನ್ನದು.

ಟ್ರಂಕಿನ ಮುಚ್ಚಳ ಹಾಕಿ ತಿರುಗಿದರೆ ಇವರು ಮೊಬೈಲಿನಲ್ಲಿ ಮುಳುಗಿದ್ದರು. ಮುಖದಲ್ಲಿ ಸೋತವರ ಕಳೆ ಸ್ವಲ್ಪವೂ ಇರಲಿಲ್ಲ.

"ಮಾವ," ಎಂದರು ಬಹಳ ವಿನಯದಿಂದ, "ನಿಮ್ಮ ಮನೆ ಪದ್ಧತಿ ಪ್ರಕಾರ ಪ್ರತಿ ವರ್ಷ ಒಂದು ಹೊಸ ಗೊಂಬೆ ಸೇರಲೇಬೇಕು ಅಲ್ವಾ? ತಪ್ಪಿಸಬಾರದು ಅಲ್ವಾ?"

"ತಪ್ಪಿಸಬಾರದು," ಎಂದರು ಅಪ್ಪ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಫೋನು ಟಣ್ ಎಂದಿತು. ಸೂಕ್ ವಾಕಿಫ್‌ನ ಅಂಗಡಿಯವರಿಂದ ಒಂದು ಉದ್ದನೆಯ ವಸ್ತುವಿನ ಫೋಟೋ, ಕೆಳಗೆ ಒಂದು ಸಾಲು: "ಅಕ್ಕ, ನಿಮ್ಮ ಮುಂದಿನ ವರ್ಷದ ಗೊಂಬೆ ಬಂದುಂಟು."